ರಾತ್ರಿಯಲ್ಲೂ ಬಣ್ಣ ತೋರಿಸುವ ಕ್ಯಾಮೆರಾ: ಒಳಗೆ ಏನು ನಡೆಯುತ್ತದೆ, ಆರಿಸುವುದು ಹೇಗೆ, ಹೊಂದಿಸುವುದು ಹೇಗೆ

ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ. ಬೆಳಕಿಲ್ಲದ ಕಡೆ ಬಣ್ಣವೂ ಇಲ್ಲ. ಎಷ್ಟೇ ದುಬಾರಿ ಸಿಸಿಟಿವಿ ಕ್ಯಾಮೆರಾ ತಂದರೂ ಪೂರ್ತಿ ಕತ್ತಲೆಯಿಂದ ಅದು ಕೆಂಪು, ನೀಲಿ ಹುಟ್ಟಿಸಲಾರದು. ಡಬ್ಬಿಯ ಮೇಲೆ "24 ಗಂಟೆ ಫುಲ್ ಕಲರ್" ಎಂದು ಬರೆದಿದ್ದರೆ ಅದರ ಅರ್ಥ ಎರಡರಲ್ಲಿ ಒಂದು. ನಮ್ಮ ಕಣ್ಣಿಗೆ ಕತ್ತಲೆ ಅನ್ನಿಸುವ ಜಾಗದಲ್ಲೂ ಇರುವ ಚೂರುಪಾರು ಬೆಳಕನ್ನು ಆ ಕ್ಯಾಮೆರಾ ಚೆನ್ನಾಗಿ ಹಿಡಿಯುತ್ತದೆ, ಇಲ್ಲವೇ ತಾನೇ ಒಂದು ಬಿಳಿ ದೀಪ ಹಚ್ಚಿಕೊಳ್ಳುತ್ತದೆ. ಈಗಿನ ಬಹಳಷ್ಟು ಮಾಡೆಲ್‌ಗಳು ಎರಡನ್ನೂ ಮಾಡುತ್ತವೆ.

ಹಾಗಾಗಿ ಕ್ಯಾಮೆರಾ ಕೊಳ್ಳುವ ಮುಂಚೆ ಕೇಳಬೇಕಾದ ಪ್ರಶ್ನೆ "ಯಾವ ಬ್ರ್ಯಾಂಡ್" ಅಲ್ಲ, "ಆ ಜಾಗದಲ್ಲಿ ರಾತ್ರಿ ಎಷ್ಟು ಬೆಳಕಿದೆ, ಅದು ಎಲ್ಲಿಂದ ಬರುತ್ತಿದೆ" ಅನ್ನುವುದು. ಇದನ್ನು ಬಿಟ್ಟು ಮೆಗಾಪಿಕ್ಸೆಲ್ ಲೆಕ್ಕ ಹಾಕುತ್ತಾ ಕೂತವರ ರೆಕಾರ್ಡಿಂಗ್ ನೋಡಿದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. ದುಡ್ಡು ಖರ್ಚಾಗಿರುತ್ತದೆ, ಮುಖ ಮಾತ್ರ ಕಾಣುವುದಿಲ್ಲ.

ಹಳೆ ಕ್ಯಾಮೆರಾ ರಾತ್ರಿ ಕಪ್ಪು-ಬಿಳುಪು ಆಗುವುದು ಯಾಕೆ

ಕ್ಯಾಮೆರಾದ ಸೆನ್ಸರ್ ಸಿಲಿಕಾನ್‌ನಿಂದ ಮಾಡಿದ್ದು. ಸಿಲಿಕಾನ್‌ಗೆ ಬಣ್ಣ ಗೊತ್ತಿಲ್ಲ. ಎಷ್ಟು ಬೆಳಕು ಬಿತ್ತು ಎಂದು ಎಣಿಸುವುದಷ್ಟೇ ಅದರ ಕೆಲಸ. ಬಣ್ಣ ಬೇಕು ಅಂದರೆ ಪ್ರತಿ ಪಿಕ್ಸೆಲ್ ಮೇಲೂ ಒಂದು ಪುಟ್ಟ ಬಣ್ಣದ ಫಿಲ್ಟರ್ ಕೂರಿಸಬೇಕು: ಅರ್ಧದಷ್ಟಕ್ಕೆ ಹಸಿರು, ಕಾಲು ಭಾಗಕ್ಕೆ ಕೆಂಪು, ಇನ್ನು ಕಾಲು ಭಾಗಕ್ಕೆ ನೀಲಿ. ಕೊಡ್ಯಾಕ್ ಕಂಪನಿಯ ಬ್ರೈಸ್ ಬೇಯರ್ ಇದಕ್ಕೆ 1976ರಲ್ಲಿ ಪೇಟೆಂಟ್ ಪಡೆದರು. ಇವತ್ತಿನ ಹೆಚ್ಚುಕಮ್ಮಿ ಎಲ್ಲ ಕಲರ್ ಕ್ಯಾಮೆರಾಗಳೂ ಅದೇ ಜೋಡಣೆಯ ಮೇಲೆ ನಡೆಯುತ್ತಿವೆ.

ಈಗ ತೊಡಕು ನೋಡಿ. ನಮ್ಮ ಕಣ್ಣಿಗೆ ಸುಮಾರು 400ರಿಂದ 700 ನ್ಯಾನೋಮೀಟರ್ ತನಕದ ತರಂಗಾಂತರದ (ಅಲೆಯ ಉದ್ದದ) ಬೆಳಕು ಕಾಣುತ್ತದೆ. ಸಿಲಿಕಾನ್‌ಗೆ ಅದನ್ನೂ ದಾಟಿ ಸುಮಾರು 1100 ತನಕ, ಅಂದರೆ ಇನ್‌ಫ್ರಾರೆಡ್ ಕೂಡ ಕಾಣುತ್ತದೆ. ಹಗಲಿನಲ್ಲಿ ಇದು ತೊಂದರೆ, ಇನ್‌ಫ್ರಾರೆಡ್ ಸೇರಿಕೊಂಡರೆ ಎಲೆಗಳು ಮಾಸಲು ಗುಲಾಬಿಯಾಗುತ್ತವೆ, ಕಪ್ಪು ಬಟ್ಟೆ ಕಂದು ತಿರುಗುತ್ತದೆ. ಅದಕ್ಕೇ ಲೆನ್ಸ್ ಮತ್ತು ಸೆನ್ಸರ್ ನಡುವೆ ಐಆರ್-ಕಟ್ ಫಿಲ್ಟರ್ ಎಂಬ, ಐಆರ್ ಅಂದರೆ ಇನ್‌ಫ್ರಾರೆಡ್ ತಡೆಯುವ ಸಣ್ಣ ಗಾಜು ಇರುತ್ತದೆ. ಕತ್ತಲಾದಾಗ ಒಂದು ಪುಟ್ಟ ಮೋಟರ್ ಆ ಗಾಜನ್ನು ಪಕ್ಕಕ್ಕೆ ಸರಿಸುತ್ತದೆ, ಐಆರ್ ಎಲ್‌ಇಡಿಗಳು ಹೊತ್ತಿಕೊಳ್ಳುತ್ತವೆ. ಕ್ಯಾಮೆರಾ ಕೈಗೆಟುಕುವಂತಿದ್ದರೆ ಹಗಲಲ್ಲೇ ಅದರ ಮುಂಭಾಗವನ್ನು ಅಂಗೈಯಿಂದ ಪೂರ್ತಿ ಮುಚ್ಚಿ ಹಿಡಿಯಿರಿ. ಕೆಲವು ಸೆಕೆಂಡ್ ಆದ ಮೇಲೆ ಒಳಗಿಂದ "ಟಕ್" ಎಂದು ಸದ್ದು ಬರುತ್ತದೆ, ಪರದೆಯ ಮೇಲಿನ ಚಿತ್ರದಿಂದ ಬಣ್ಣ ಹೊರಟುಹೋಗುತ್ತದೆ. ಆ ಟಕ್ ಅನ್ನುವುದೇ ಗಾಜು ಸರಿದ ಸದ್ದು.

ಬಣ್ಣ ಹೋದದ್ದು ಯಾಕೆ? ಕ್ಯಾಮೆರಾ ಬೇಕೆಂದು ಆರಿಸಿದ್ದಲ್ಲ. 850 ನ್ಯಾನೋಮೀಟರ್‌ನ ಇನ್‌ಫ್ರಾರೆಡ್‌ಗೆ ಪಿಕ್ಸೆಲ್ ಮೇಲಿನ ಕೆಂಪು, ಹಸಿರು, ನೀಲಿ ಫಿಲ್ಟರ್‌ಗಳು ಮೂರೂ ಬರೀ ಗಾಜಿನಂತೆ ಆಗಿಬಿಡುತ್ತವೆ. ಮೂರರೊಳಗೂ ಒಂದೇ ಸಮ ಬೆಳಕು ನುಗ್ಗುತ್ತದೆ. ಮೂರೂ ಒಂದೇ ಉತ್ತರ ಕೊಟ್ಟರೆ ಯಾವುದು ಯಾವ ಬಣ್ಣ ಎಂದು ಹೇಳುವುದು ಹೇಗೆ? ಉಳಿಯುವುದು ಬೂದು ಮಾತ್ರ. ಐಆರ್ ಬೆಳಕನ್ನು ಎಷ್ಟು ಜಾಸ್ತಿ ಮಾಡಿದರೂ ಬಣ್ಣ ವಾಪಸ್ ಬರುವುದಿಲ್ಲ ಅನ್ನುವುದು ಇದೇ ಕಾರಣಕ್ಕೆ.

ಐಆರ್ ಬೆಳಕನ್ನು ಕಣ್ಣಾರೆ ನೋಡಬೇಕಿದ್ದರೆ, ನೈಟ್ ಮೋಡ್‌ನಲ್ಲಿರುವ ಕ್ಯಾಮೆರಾದ ಎದುರು ಟಿವಿ ರಿಮೋಟ್ ಹಿಡಿದು ಒಂದು ಬಟನ್ ಒತ್ತಿ. ನಿಮ್ಮ ಕಣ್ಣಿಗೆ ಏನೂ ಕಾಣುವುದಿಲ್ಲ, ಪರದೆಯಲ್ಲಿ ರಿಮೋಟ್‌ನ ತುದಿ ಟಾರ್ಚ್‌ನಂತೆ ಮಿಣುಕುತ್ತದೆ. ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ 850ರ ಎಲ್‌ಇಡಿ ಇರುತ್ತದೆ, ಹತ್ತಿರ ನಿಂತು ನೋಡಿದರೆ ಮಂದ ಕೆಂಪು ಕಾಣುತ್ತದೆ. ಕೆಲವದರಲ್ಲಿ 940 ಇರುತ್ತದೆ. ಅದು ಕಣ್ಣಿಗೆ ಕಾಣುವುದೇ ಇಲ್ಲ, ಆದರೆ ಅಲ್ಲಿ ಸೆನ್ಸರ್ ಕೂಡ ಮಂದ, ಹಾಗಾಗಿ ಅಷ್ಟು ದೂರ ಮುಟ್ಟುವುದಿಲ್ಲ.

ಕಪ್ಪು-ಬಿಳುಪು ಚಿತ್ರ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಎಷ್ಟೋ ಸಲ ಅದರಲ್ಲೇ ಗೆರೆಗಳು ಸ್ಪಷ್ಟವಾಗಿರುತ್ತವೆ. ಆದರೆ ಬಟ್ಟೆಯ ವಿಷಯದಲ್ಲಿ ಅದು ದಾರಿ ತಪ್ಪಿಸುತ್ತದೆ. ಹಗಲಲ್ಲಿ ಕಡುಗಪ್ಪಾಗಿ ಕಾಣುವ ಎಷ್ಟೋ ಬಟ್ಟೆಗಳ ಬಣ್ಣ ಇನ್‌ಫ್ರಾರೆಡ್ ಅನ್ನು ಹೀರುವುದಿಲ್ಲ, ವಾಪಸ್ ಚೆಲ್ಲುತ್ತದೆ. ಹಾಗಾಗಿ ಕಪ್ಪು ಜಾಕೆಟ್ ಹಾಕಿದವನು ರೆಕಾರ್ಡಿಂಗ್‌ನಲ್ಲಿ ಬೂದು, ಕೆಲವೊಮ್ಮೆ ಬಿಳಿ ಜಾಕೆಟ್ ತೊಟ್ಟವನಂತೆ ಕಾಣುತ್ತಾನೆ. ಯಾರೋ ಬಂದು ಹೋದರು, "ಯಾವ ಬಣ್ಣದ ಅಂಗಿ, ಯಾವ ಬಣ್ಣದ ಗಾಡಿ" ಎಂದು ಕೇಳಿದಾಗ ಕಪ್ಪು-ಬಿಳುಪು ರೆಕಾರ್ಡಿಂಗ್ ನಂಬಿ ಉತ್ತರ ಕೊಟ್ಟರೆ ಹುಡುಕುವವರು ತಪ್ಪು ಮನುಷ್ಯನ ಹಿಂದೆ ಹೋಗಬಹುದು. ರಾತ್ರಿ ಬಣ್ಣ ಬೇಕು ಅನ್ನುವುದಕ್ಕೆ ನನ್ನ ಮಟ್ಟಿಗೆ ಇದೇ ದೊಡ್ಡ ಕಾರಣ.

ಕತ್ತಲೆ ಅಂದರೆ ಎಷ್ಟು ಕತ್ತಲೆ

ಬೆಳಕನ್ನು ಲಕ್ಸ್‌ನಲ್ಲಿ ಅಳೆಯುತ್ತಾರೆ. ನೆತ್ತಿಯ ಬಿಸಿಲು ಸುಮಾರು 1,00,000 ಲಕ್ಸ್. ಮನೆಯೊಳಗೆ ಸಂಜೆ ದೀಪ ಹಾಕಿಕೊಂಡು ಕೂತಾಗ 50ರಿಂದ 150ರ ಆಸುಪಾಸು. ಒಳ್ಳೆ ಬೀದಿದೀಪದ ಕೆಳಗೆ 5ರಿಂದ 20. ಹುಣ್ಣಿಮೆ ಬೆಳಕು 0.1ರಿಂದ 0.3. ಚಂದ್ರನಿಲ್ಲದ ರಾತ್ರಿ ಬರೀ ನಕ್ಷತ್ರದ ಬೆಳಕಾದರೆ 0.001ರ ಹತ್ತಿರ. ಮೋಡ ಮುಚ್ಚಿದರೆ ಅದಕ್ಕಿಂತಲೂ ಕಡಿಮೆ.

ಅಂದರೆ ಮಧ್ಯಾಹ್ನಕ್ಕೂ ಹುಣ್ಣಿಮೆಗೂ ಲಕ್ಷಗಟ್ಟಲೆ ಪಟ್ಟು ವ್ಯತ್ಯಾಸ! ಅದೇ ಕ್ಯಾಮೆರಾ ಎರಡರಲ್ಲೂ ಬಣ್ಣ ತೋರಿಸಬೇಕು ಎಂದು ನಾವು ಕೇಳುತ್ತಿದ್ದೇವೆ. ಈ ಕೆಲಸವನ್ನು ಲೆನ್ಸ್, ಸೆನ್ಸರ್, ಶಟರ್, ಪ್ರೊಸೆಸರ್ ಹಂಚಿಕೊಳ್ಳುತ್ತವೆ, ಉಳಿದ ಕೊರತೆಯನ್ನು ದೀಪ ತುಂಬಬೇಕು.

ಲೆನ್ಸ್

ಸ್ಪೆಕ್ ಶೀಟ್‌ನಲ್ಲಿ (ಕಂಪನಿ ಕೊಡುವ ವಿವರಪಟ್ಟಿಯಲ್ಲಿ) ನಾನು ಮೊದಲು ನೋಡುವುದು ಎಫ್ ನಂಬರ್. ಅದು ಚಿಕ್ಕದಾದಷ್ಟೂ ಲೆನ್ಸ್‌ನ ಬಾಯಿ ದೊಡ್ಡದು. ಲೆಕ್ಕ ಸುಲಭ: ಒಳಗೆ ಬರುವ ಬೆಳಕು ಎಫ್ ನಂಬರ್‌ನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಎಫ್2.0 ಲೆನ್ಸ್‌ಗೆ ಹೋಲಿಸಿದರೆ ಎಫ್1.0 ನಾಲ್ಕು ಪಟ್ಟು ಬೆಳಕು ತರುತ್ತದೆ. ಎಫ್1.6ಕ್ಕೆ ಹೋಲಿಸಿದರೆ ಎರಡೂವರೆ ಪಟ್ಟು. ಕ್ಯಾಮೆರಾ ಕಂಪನಿ ಹಿಕ್‌ವಿಷನ್‌ನವರು ಕಲರ್‌ವು ಎಂದು ಮಾರುವ ಸರಣಿಯಲ್ಲಿ ಎಫ್1.0 ಲೆನ್ಸನ್ನೇ ಮುಂದಿಟ್ಟುಕೊಂಡು ಹೇಳುವುದು ಇದಕ್ಕೇ. ದಹುವಾದ ಫುಲ್-ಕಲರ್ ಮಾಡೆಲ್‌ಗಳಲ್ಲೂ ಇದೇ ದಾರಿ.

ಬಾಯಿ ದೊಡ್ಡದಾದರೆ ಫೋಕಸ್ ಆಗುವ ಆಳ ಕಡಿಮೆಯಾಗುತ್ತದೆ ಅನ್ನುವುದನ್ನು ಮರೆಯಬೇಡಿ. ಫೋಕಸ್ ದೂರಕ್ಕೆ ಹೊಂದಿಸಿದ್ದರೆ ಕ್ಯಾಮೆರಾಗೆ ತೀರಾ ಹತ್ತಿರ ಬಂದವರ ಮುಖ ಸ್ವಲ್ಪ ಮಸುಕಾಗಬಹುದು. ಫೋಕಸ್ ಹೊಂದಿಸುವ ಲೆನ್ಸ್ ಇದ್ದರೆ, ಜನ ಎಲ್ಲಿ ನಿಲ್ಲುತ್ತಾರೋ ಅಷ್ಟು ದೂರಕ್ಕೆ, ಅದೂ ರಾತ್ರಿ ಹೊತ್ತಿನಲ್ಲೇ ಹೊಂದಿಸಿ.

ಸೆನ್ಸರ್, ಮತ್ತು ಮೆಗಾಪಿಕ್ಸೆಲ್‌ನ ಬಲೆ

ಬೆಳಕು ಕಣಕಣವಾಗಿ, ಫೋಟಾನ್‌ಗಳಾಗಿ ಬರುತ್ತದೆ. ಎಷ್ಟು ಬರುತ್ತವೆ ಅನ್ನುವುದರಲ್ಲಿ ಸಹಜವಾಗಿಯೇ ಏರುಪೇರು ಇರುತ್ತದೆ, ಆ ಏರುಪೇರು ಸರಾಸರಿ ಎಣಿಕೆಯ ವರ್ಗಮೂಲದಷ್ಟು. ಒಂದು ಪಿಕ್ಸೆಲ್‌ಗೆ 10,000 ಫೋಟಾನ್ ಬಿದ್ದರೆ ಏರುಪೇರು 100, ಅಂದರೆ ನೂರಕ್ಕೆ ಒಂದು, ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಬರೀ 100 ಬಿದ್ದರೆ ಏರುಪೇರು 10, ನೂರಕ್ಕೆ ಹತ್ತು. ಚಿತ್ರ ಕಾಳುಕಾಳಾಗುತ್ತದೆ. ರಾತ್ರಿ ಚಿತ್ರದಲ್ಲಿ ಮರಳು ಎರಚಿದಂತೆ ಕುಣಿಯುತ್ತದಲ್ವಾ, ಆ ನಾಯ್ಸ್‌ನಲ್ಲಿ ದೊಡ್ಡ ಪಾಲು ಇದೇ. ಎಷ್ಟೇ ಒಳ್ಳೆ ಸೆನ್ಸರ್ ಮಾಡಿದರೂ ಇದು ಹೋಗುವುದಿಲ್ಲ, ಹೆಚ್ಚು ಫೋಟಾನ್ ಹಿಡಿಯುವುದೊಂದೇ ಉಪಾಯ.

ಅದಕ್ಕೆ ಪಿಕ್ಸೆಲ್ ದೊಡ್ಡದಿರಬೇಕು. ನಿಜವಾದ ಸೆನ್ಸರ್‌ಗಳನ್ನೇ ತೆಗೆದುಕೊಳ್ಳೋಣ. ಸೋನಿಯ ಐಎಂಎಕ್ಸ್327 ಎಂಬುದು 1/2.8 ಇಂಚಿನ 2 ಮೆಗಾಪಿಕ್ಸೆಲ್ ಸೆನ್ಸರ್, ಪಿಕ್ಸೆಲ್ ಅಗಲ 2.9 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ). ಐಎಂಎಕ್ಸ್415 ಕೂಡ 1/2.8 ಇಂಚೇ, ಆದರೆ 8 ಮೆಗಾಪಿಕ್ಸೆಲ್, ಅಂದರೆ 4ಕೆ. ಅಷ್ಟೇ ಜಾಗದಲ್ಲಿ ನಾಲ್ಕು ಪಟ್ಟು ಪಿಕ್ಸೆಲ್ ತುಂಬಿದ್ದರಿಂದ ಒಂದೊಂದರ ಅಗಲ 1.45 ಮೈಕ್ರಾನ್‌ಗೆ ಇಳಿದಿದೆ, ಪ್ರತಿ ಪಿಕ್ಸೆಲ್‌ಗೆ ಸಿಗುವ ಬೆಳಕು ಕಾಲು ಭಾಗ ಮಾತ್ರ. ಹಗಲಲ್ಲಿ ಇದು ಬಹಳ ಚೆನ್ನಾಗಿ ಕಾಣುತ್ತದೆ. ಬೆಳಕು ಕಡಿಮೆ ಇರುವ ಕಡೆ ರಾತ್ರಿ ಬಣ್ಣ ಬೇಕು ಅಂದರೆ ಆ 2 ಮೆಗಾಪಿಕ್ಸೆಲ್ ಕ್ಯಾಮೆರಾ ಎಷ್ಟೋ ಸಲ ಗೆಲ್ಲುತ್ತದೆ. 4ಕೆ ಬೇಕು, ರಾತ್ರಿ ಬಣ್ಣವೂ ಬೇಕು ಅಂದರೆ ಸೆನ್ಸರೇ ದೊಡ್ಡದಿರಬೇಕು: ಐಎಂಎಕ್ಸ್585 ಥರದ್ದು, 1/1.2 ಇಂಚು, 4ಕೆ ಇದ್ದೂ ಪಿಕ್ಸೆಲ್ 2.9 ಮೈಕ್ರಾನ್. ಅದಕ್ಕೆ ತಕ್ಕಂತೆ ಲೆನ್ಸ್ ದಪ್ಪ, ಬೆಲೆ ಜಾಸ್ತಿ.

ಸೋನಿಯ ಈ ಸೆನ್ಸರ್‌ಗಳ ಸಾಲಿಗೆ ಸ್ಟಾರ್ವಿಸ್ ಎಂದು ಹೆಸರು. ಇವುಗಳಲ್ಲಿ ವೈರಿಂಗ್ ಪದರ ಬೆಳಕು ಹಿಡಿಯುವ ಪದರದ ಹಿಂದಕ್ಕೆ ಹೋಗಿದೆ. ಹಳೆಯ ಸೆನ್ಸರ್‌ಗಳಲ್ಲಿ ಬೆಳಕು ಆ ತಂತಿಗಳ ನಡುವೆ ನುಸುಳಿ ಬರಬೇಕಿತ್ತು, ಒಂದಿಷ್ಟು ದಾರಿಯಲ್ಲೇ ಹಾಳಾಗುತ್ತಿತ್ತು. ಕಳೆದ ಹದಿನೈದು ವರ್ಷಗಳಲ್ಲಿ ರಾತ್ರಿ ಬಣ್ಣ ಇಷ್ಟು ಸುಧಾರಿಸಿದ್ದಕ್ಕೆ ಈ ಒಂದು ಬದಲಾವಣೆಯ ಪಾಲು ದೊಡ್ಡದು.

ಶಟರ್: ಹೆಚ್ಚಿನವರು ಸೋಲುವುದು ಇಲ್ಲೇ

ಬೆಳಕು ಸಾಲದಿದ್ದರೆ ಕ್ಯಾಮೆರಾ ಮಾಡುವ ಸುಲಭದ ಕೆಲಸ ಶಟರ್ ಹೆಚ್ಚು ಹೊತ್ತು ತೆರೆದಿಡುವುದು. ಖಾಲಿ ಅಂಗಳ ಆಗ ಸೊಗಸಾಗಿ ಕಾಣುತ್ತದೆ. ಗಿಡ ಹಸಿರು, ನೆಲ ಕೆಂಪು, ಗೋಡೆ ಹಳದಿ. ಜಾಹೀರಾತಿನಲ್ಲಿ ತೋರಿಸುವ ಚಿತ್ರಗಳಲ್ಲಿ ಯಾರೂ ಓಡಾಡುತ್ತಿರುವುದಿಲ್ಲ, ಗಮನಿಸಿದ್ದೀರಾ?

ಒಬ್ಬ ಮನುಷ್ಯ ಮಾಮೂಲಿ ನಡಿಗೆಯಲ್ಲಿ ಸೆಕೆಂಡ್‌ಗೆ ಸುಮಾರು 1.4 ಮೀಟರ್ ಹೋಗುತ್ತಾನೆ. ಶಟರ್ 1/3 ಸೆಕೆಂಡ್ ತೆರೆದಿದ್ದರೆ ಅಷ್ಟರಲ್ಲಿ ಅವನು 47 ಸೆಂಟಿಮೀಟರ್ ದಾಟಿರುತ್ತಾನೆ. ಚಿತ್ರದಲ್ಲಿ ಮನುಷ್ಯ ಇರುವುದಿಲ್ಲ, ಹಿಂದಿನ ಗೋಡೆ ಅವನ ಮೂಲಕವೇ ಕಾಣುವ ಒಂದು ಹೊಗೆಯ ಪಟ್ಟೆ ಇರುತ್ತದೆ. 1/12ಕ್ಕೆ ತಂದರೆ ಸುಮಾರು 12 ಸೆಂಟಿಮೀಟರ್, 1/25ರಲ್ಲಿ 5.6, 1/100ರಲ್ಲಿ 1.4. ಮುಖದ ಅಗಲ ಇರುವುದೇ 15 ಸೆಂಟಿಮೀಟರ್ ಆಸುಪಾಸು ಎಂದು ನೆನಪಿಟ್ಟುಕೊಂಡು ಈ ಅಂಕಿಗಳನ್ನು ಇನ್ನೊಮ್ಮೆ ಓದಿ.

ಇದರಿಂದ ಎರಡು ಕೆಲಸ. ಒಂದು, ಸೆಟ್ಟಿಂಗ್‌ನಲ್ಲಿ ಎಕ್ಸ್‌ಪೋಶರ್ ಅಥವಾ ಶಟರ್ ಎಂದಿರುವ ಕಡೆ ಹೋಗಿ ಅತಿ ನಿಧಾನದ ಮಿತಿಯನ್ನು 1/25 ಅಥವಾ 1/30ಕ್ಕೆ ಕಟ್ಟಿಹಾಕಿ. "ಸ್ಲೋ ಶಟರ್" ಎಂಬ ಆಯ್ಕೆ ಆನ್ ಇದ್ದರೆ ಆಫ್ ಮಾಡಿ. ಚಿತ್ರ ತುಸು ಕಪ್ಪಾಗುತ್ತದೆ, ಆಗಲಿ. ಬೆಳಕಿದ್ದರೆ 1/50 ಇನ್ನೂ ಒಳ್ಳೆಯದು. ಕರೆಂಟ್ 50 ಹರ್ಟ್ಸ್ ಇರುವ ಕಡೆ 1/25, 1/50, 1/100 ಇಡಿ, 60 ಹರ್ಟ್ಸ್ ಇರುವ ಕಡೆ 1/30, 1/60, 1/120. ಇಲ್ಲದಿದ್ದರೆ ದೀಪದ ಬೆಳಕು ಚಿತ್ರದಲ್ಲಿ ಪಟಪಟ ಮಿಣುಕುವುದುಂಟು.

ಎರಡನೆಯದು ಕ್ಯಾಮೆರಾ ಕೂರಿಸುವ ದಿಕ್ಕು. ಅಡ್ಡಡ್ಡ ನಡೆಯುವವನು ಚಿತ್ರದಲ್ಲಿ ಬೇಗ ಮಸುಕಾಗುತ್ತಾನೆ. ಕ್ಯಾಮೆರಾ ಕಡೆಗೇ ನಡೆದು ಬರುವವನು ಅಷ್ಟಾಗಿ ಆಗುವುದಿಲ್ಲ, ಯಾಕೆಂದರೆ ಪಿಕ್ಸೆಲ್‌ಗಳ ಮೇಲೆ ಅವನು ಅಷ್ಟೊಂದು ಜರುಗುವುದಿಲ್ಲ. ಹಾಗಾಗಿ ದಾರಿಗೆ ಅಡ್ಡವಾಗಿ ನೋಡುವ ಬದಲು ದಾರಿಯ ಉದ್ದಕ್ಕೆ ನೋಡುವಂತೆ ಕೂರಿಸಿ. ಒಂದು ಪೈಸೆ ಖರ್ಚಿಲ್ಲದೆ ಸಿಗುವ ಸುಧಾರಣೆ ಇದು.

ಗೇನ್, ನಾಯ್ಸ್ ರಿಡಕ್ಷನ್, ಮತ್ತು ಈಗಿನ ಎಐ

ಶಟರ್ ಕಟ್ಟಿಹಾಕಿದ ಮೇಲೆ ಕ್ಯಾಮೆರಾ ಗೇನ್ ಏರಿಸುತ್ತದೆ, ಸಿಕ್ಕ ಸಿಗ್ನಲ್ಲನ್ನೇ ಹಿಗ್ಗಿಸುತ್ತದೆ. ಪ್ರತಿ 6 ಡೆಸಿಬೆಲ್‌ಗೆ ದುಪ್ಪಟ್ಟು, 36 ಡೆಸಿಬೆಲ್ ಅಂದರೆ 64 ಪಟ್ಟು. ಬೆಳಕಿನ ಜೊತೆ ನಾಯ್ಸ್ ಕೂಡ ಹಿಗ್ಗುತ್ತದೆ ಅನ್ನುವುದೇ ಕಷ್ಟ.

ನಾಯ್ಸ್ ಒರೆಸಲು 3ಡಿ ನಾಯ್ಸ್ ರಿಡಕ್ಷನ್ ಇದೆ. ಹಿಂದಿನ ಹಲವು ಫ್ರೇಮ್‌ಗಳನ್ನು ಈಗಿನದರ ಜೊತೆ ಸೇರಿಸಿ ಸರಾಸರಿ ತೆಗೆಯುತ್ತದೆ. ಗೋಡೆ, ನೆಲ ನುಣುಪಾಗುತ್ತದೆ. ನಡೆಯುವ ಮನುಷ್ಯನ ಹಿಂದೆ ಮಾತ್ರ ಬಾಲ ಬಿಡುತ್ತದೆ, ಮುಖ ಮೇಣದಂತೆ ಕರಗಿದ ಹಾಗೆ ಕಾಣುತ್ತದೆ. ಇದನ್ನು ಗರಿಷ್ಠಕ್ಕೆ ಇಡಬೇಡಿ, ನಡುವಿನಲ್ಲಿಟ್ಟು ನೋಡಿ. ಕಾಳುಕಾಳಾದರೂ ಗುರುತು ಸಿಗುವ ಮುಖವೇ ನುಣುಪಾದ ಮಬ್ಬು ಮುಖಕ್ಕಿಂತ ಮೇಲು.

ಹೊಸ ಕ್ಯಾಮೆರಾಗಳಲ್ಲಿ ನ್ಯೂರಲ್ ನೆಟ್‌ವರ್ಕ್‌ನಿಂದ ನಾಯ್ಸ್ ತೆಗೆಯುವ ಚಿಪ್ ಬರುತ್ತಿದೆ, ಎಐ-ಐಎಸ್‌ಪಿ ಎನ್ನುತ್ತಾರೆ. ಚಲಿಸುವುದು ಯಾವುದು, ನಿಂತದ್ದು ಯಾವುದು ಎಂದು ಹಳೆಯದಕ್ಕಿಂತ ಚೆನ್ನಾಗಿ ಬೇರ್ಪಡಿಸುತ್ತದೆ, ಒಪ್ಪುತ್ತೇನೆ. ಆದರೆ ಸೆನ್ಸರ್‌ಗೆ ಬೀಳದ ಬೆಳಕನ್ನು ಅದೂ ತರಲಾರದು. ಇನ್ನು ಕೆಲವು ಕ್ಯಾಮೆರಾಗಳಲ್ಲಿ ಎರಡು ಸೆನ್ಸರ್ ಇರುತ್ತವೆ: ಒಂದು ಐಆರ್‌ನಲ್ಲಿ ಗೆರೆ ಮತ್ತು ಹೊಳಪನ್ನು ಹಿಡಿಯುತ್ತದೆ, ಇನ್ನೊಂದು ಇರುವಷ್ಟು ಬಣ್ಣ ಹಿಡಿಯುತ್ತದೆ, ಆಮೇಲೆ ಎರಡನ್ನೂ ಕೂಡಿಸಿ ಒಂದೇ ಚಿತ್ರ ಮಾಡುತ್ತದೆ. ಚೆಂದದ ಉಪಾಯ.

ನಾಯ್ಸ್‌ಗೆ ಇನ್ನೊಂದು ಬೆಲೆಯೂ ಇದೆ. ಕುಣಿಯುವ ಪ್ರತಿ ಕಾಳನ್ನೂ ವಿಡಿಯೋ ಕಂಪ್ರೆಶನ್ "ಹೊಸ ವಿಷಯ" ಎಂದು ಭಾವಿಸುತ್ತದೆ. ಬಿಟ್‌ರೇಟ್ (ಸೆಕೆಂಡ್‌ಗೆ ಬಳಸುವ ಡೇಟಾ) ಏರಿಳಿಯಲು ಬಿಟ್ಟಿದ್ದರೆ ರಾತ್ರಿ ಫೈಲ್‌ಗಳು ಉಬ್ಬಿ ಹಾರ್ಡ್‌ಡಿಸ್ಕ್ ಬೇಗ ತುಂಬುತ್ತದೆ. ಬಿಟ್‌ರೇಟ್ ಕಟ್ಟಿಹಾಕಿದ್ದರೆ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಲೈವ್‌ನಲ್ಲಿ ಚೆನ್ನಾಗಿದ್ದು ರೆಕಾರ್ಡಿಂಗ್‌ನಲ್ಲಿ ಹಾಳಾಗಿದ್ದರೆ ಮೊದಲು ನೋಡಬೇಕಾದದ್ದು ಇದನ್ನೇ.

ಕೊನೆಗೆ ಎಲ್ಲ ಬಂದು ನಿಲ್ಲುವುದು ದೀಪಕ್ಕೆ

ಬೀದಿದೀಪ ಅಥವಾ ಬಾಗಿಲ ದೀಪ ರಾತ್ರಿಯಿಡೀ ಉರಿಯುವ ಕಡೆ ದೊಡ್ಡ ಬಾಯಿಯ ಲೆನ್ಸ್ ಇರುವ ಕ್ಯಾಮೆರಾಗೆ ಬೇರೆ ಬೆಳಕೇ ಬೇಡ. ಉಳಿದ ಕಡೆ ಬಿಳಿ ಬೆಳಕು ಕೊಡಲೇಬೇಕು. ಕ್ಯಾಮೆರಾದಲ್ಲೇ ಇರುವ ಎಲ್‌ಇಡಿ ಸಾಕೇ? ಹತ್ತಿರಕ್ಕೆ ಸಾಕು. ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ: 5 ಮೀಟರ್‌ನಲ್ಲಿ 4 ಲಕ್ಸ್ ಬಿದ್ದರೆ 10 ಮೀಟರ್‌ನಲ್ಲಿ 1, 20 ಮೀಟರ್‌ನಲ್ಲಿ ಕಾಲು ಲಕ್ಸ್. "30 ಮೀಟರ್ ಕಲರ್" ಎಂದು ಬರೆದಿದ್ದರೆ ಅಷ್ಟು ದೂರದಲ್ಲಿ ಏನೋ ಇದೆ ಎಂದು ಕಾಣುತ್ತದೆ, ಯಾರು ಎಂದಲ್ಲ.

ನನ್ನ ಸಲಹೆ: ಸಾಧ್ಯವಿದ್ದರೆ ದೀಪವನ್ನು ಕ್ಯಾಮೆರಾದಿಂದ ಬೇರೆ ಮಾಡಿ. ಒಂದೆರಡು ಮೀಟರ್ ಪಕ್ಕಕ್ಕೆ, ಜನ ಬರುವ ಜಾಗಕ್ಕೆ ಹತ್ತಿರವಾಗಿ ಒಂದು ಸಾಧಾರಣ ಎಲ್‌ಇಡಿ ಹಾಕಿದರೆ ಸಿಗುವ ಲಾಭ ಎಷ್ಟೋ ಸಲ ಹೊಸ ಕ್ಯಾಮೆರಾ ಕೊಂಡರೂ ಸಿಗುವುದಿಲ್ಲ. ದೀಪ ಲೆನ್ಸ್ ಪಕ್ಕದಲ್ಲೇ ಇದ್ದರೆ ಮಳೆಹನಿ, ಮಂಜು, ಹುಳ, ಧೂಳು ಎಲ್ಲವೂ ಆ ಬೆಳಕನ್ನು ನೇರ ಲೆನ್ಸ್‌ಗೆ ವಾಪಸ್ ಎಸೆಯುತ್ತವೆ. ಹುಳಕ್ಕೆ ಜೇಡ ಬರುತ್ತದೆ, ಜೇಡ ಬಲೆ ಕಟ್ಟುತ್ತದೆ, ಬಲೆಯ ಎಳೆ ಗಾಳಿಗೆ ಅಲ್ಲಾಡಿದಾಗಲೆಲ್ಲ ಅಲರ್ಟ್ ಬರುತ್ತದೆ. ಬೇರೆ ಕಡೆ ಇದ್ದರೆ ಹುಳಗಳು ಅಲ್ಲಿಗೆ ಹೋಗುತ್ತವೆ. ಬೆಚ್ಚನೆಯ ಹಳದಿ ಛಾಯೆಯ, ಸುಮಾರು 3000 ಕೆಲ್ವಿನ್ ದೀಪಕ್ಕೆ ಹುಳ ಕಡಿಮೆ, ಕಣ್ಣಿಗೂ ಹಿತ. ಬೆಳಕು ಪಕ್ಕದವರ ಕಿಟಕಿಗೆ ನುಗ್ಗದಂತೆ ಕೆಳಮುಖವಾಗಿ ತಿರುಗಿಸಿ.

ದೀಪದ ಜಾತಿಯೂ ಮುಖ್ಯ. ಹಳೆಯ ಲೋ-ಪ್ರೆಶರ್ ಸೋಡಿಯಂ ದೀಪ ಹೆಚ್ಚುಕಮ್ಮಿ 589 ನ್ಯಾನೋಮೀಟರ್‌ನ ಹಳದಿ ಒಂದನ್ನೇ ಕೊಡುತ್ತದೆ. ಅದರ ಕೆಳಗೆ ನೀಲಿ ಅಂಗಿ ಕಪ್ಪು, ಬಿಳಿ ಅಂಗಿ ಹಳದಿ. ಕ್ಯಾಮೆರಾ ತಪ್ಪಲ್ಲ, ಅಲ್ಲಿ ನೀಲಿ ಬೆಳಕೇ ಇಲ್ಲ. ಹೈ-ಪ್ರೆಶರ್ ಸೋಡಿಯಂ ಸ್ವಲ್ಪ ವಾಸಿ, ಅಷ್ಟೇ. ಇಂಥ ಕಡೆ ರೆಕಾರ್ಡಿಂಗ್‌ನ ಬಣ್ಣವನ್ನು ನೋಡಿದ್ದು ನೋಡಿದ ಹಾಗೆ ನಂಬಬೇಡಿ.

ರಾತ್ರಿಯಿಡೀ ಬಿಳಿ ದೀಪ ಬೇಡ ಅನ್ನುವವರಿಗೆ ಎರಡೂ ದೀಪ ಇರುವ ಮಾಡೆಲ್‌ಗಳಿವೆ. ಸುಮ್ನೆ ಇದ್ದಾಗ ಐಆರ್‌ನಲ್ಲಿ ಕಪ್ಪು-ಬಿಳುಪು, ಮನುಷ್ಯನನ್ನೋ ವಾಹನವನ್ನೋ ಗುರುತಿಸಿದ ತಕ್ಷಣ ಬಿಳಿ ದೀಪ ಹೊತ್ತಿ ಬಣ್ಣ. ಬಂದವನಿಗೆ ತನ್ನನ್ನು ಯಾರೋ ನೋಡಿದರು ಎಂದು ಗೊತ್ತಾಗುತ್ತದೆ, ಅದೂ ಒಂದು ಕಾವಲೇ. ಆದರೆ ದೀಪ ಹತ್ತಿ, ಗಾಜು ಸರಿದು, ಎಕ್ಸ್‌ಪೋಶರ್ ಹೊಂದಿಕೊಳ್ಳುವ ಒಂದೆರಡು ಸೆಕೆಂಡ್ ಚಿತ್ರ ಬಿಳುಚಿಕೊಂಡಿರಬಹುದು. ಮನುಷ್ಯ ಚೌಕಟ್ಟಿನೊಳಗೆ ಒಂದೆರಡು ಸೆಕೆಂಡ್ ಮಾತ್ರ ಇರುವ ಕಿರಿದಾದ ಜಾಗಕ್ಕೆ ಇದು ಹೊಂದುವುದಿಲ್ಲ, ಅಲ್ಲಿ ದೀಪ ಸದಾ ಉರಿಯುತ್ತಿರಲಿ. ಬ್ಯಾಟರಿ ಕ್ಯಾಮೆರಾಗಳಲ್ಲಿ ಮಾತ್ರ ಬೇರೆ ದಾರಿಯಿಲ್ಲ.

ಸ್ಪೆಕ್ ಶೀಟ್ ಓದುವಾಗ

"0.0005 ಲಕ್ಸ್" ಎಂದು ಬರೆದಿರುತ್ತಾರೆ. ಯಾವ ಶಟರ್‌ನಲ್ಲಿ, ಎಷ್ಟು ಗೇನ್‌ನಲ್ಲಿ, ಚಿತ್ರ ಎಷ್ಟು ಚೆನ್ನಾಗಿದ್ದಾಗ? ಅದನ್ನು ಹೇಳದಿದ್ದರೆ ಆ ಅಂಕಿಯಿಂದ ಎರಡು ಕಂಪನಿಗಳನ್ನು ಹೋಲಿಸಲು ಬರುವುದಿಲ್ಲ. ಮಸುಕಾಗಿ ಏನೋ ಕಂಡರೂ "ಕಾಣುತ್ತದೆ" ಎಂದು ಲೆಕ್ಕ ಹಿಡಿಯಬಹುದು. "ದೀಪ ಆನ್ ಇದ್ದಾಗ 0 ಲಕ್ಸ್" ಎಂಬುದಕ್ಕಂತೂ ದೀಪ ಇದೆ ಅನ್ನುವುದಕ್ಕಿಂತ ಹೆಚ್ಚಿನ ಅರ್ಥವಿಲ್ಲ. ನಂಬಬಹುದಾದವು ಎಫ್ ನಂಬರ್, ಸೆನ್ಸರ್‌ನ ಅಳತೆ, ಮೆಗಾಪಿಕ್ಸೆಲ್. ಈ ಮೂರರಿಂದ ಅರ್ಧಕ್ಕಿಂತ ಹೆಚ್ಚು ಗೊತ್ತಾಗುತ್ತದೆ.

ಮುಖ ಗುರುತಿಸಲು ಎಷ್ಟು ಪಿಕ್ಸೆಲ್ ಬೇಕು ಅನ್ನುವುದಕ್ಕೆ ಇಎನ್ 62676-4 ಎಂಬ ಯುರೋಪಿನ ಮಾನದಂಡದ 2015ರ ಆವೃತ್ತಿಯಲ್ಲಿ ಅಳತೆಗಳಿವೆ. ಒಂದು ಮೀಟರ್ ಅಗಲಕ್ಕೆ 25 ಪಿಕ್ಸೆಲ್ ಇದ್ದರೆ ಯಾರೋ ಇದ್ದಾರೆ ಎಂದು ಗೊತ್ತಾಗುತ್ತದೆ, 125 ಇದ್ದರೆ ಪರಿಚಯದವರನ್ನು ಗುರುತಿಸಬಹುದು, ಅಪರಿಚಿತನ ಗುರುತು ಖಚಿತವಾಗಬೇಕಿದ್ದರೆ 250. 1/2.8 ಇಂಚಿನ ಸೆನ್ಸರ್‌ಗೆ 4 ಮಿಲಿಮೀಟರ್ ಲೆನ್ಸ್ ಹಾಕಿದರೆ 10 ಮೀಟರ್ ದೂರದಲ್ಲಿ ಸುಮಾರು 14 ಮೀಟರ್ ಅಗಲ ಕಾಣುತ್ತದೆ. 1920 ಪಿಕ್ಸೆಲ್ ಅಷ್ಟಗಲಕ್ಕೆ ಹಂಚಿದರೆ ಮೀಟರ್‌ಗೆ 137 ಸಿಗುತ್ತದೆ. ಅಂದರೆ 2 ಮೆಗಾಪಿಕ್ಸೆಲ್‌ನಲ್ಲಿ 250 ಬೇಕಿದ್ದರೆ ಮನುಷ್ಯ ಐದೂವರೆ ಮೀಟರ್ ಒಳಗೆ ಬರಬೇಕು. ದೂರದ ಗೇಟ್ ಮುಖ್ಯವಾದರೆ ಅಗಲ ಬಿಟ್ಟು 6 ಅಥವಾ 8 ಮಿಲಿಮೀಟರ್ ಲೆನ್ಸ್ ತೆಗೆದುಕೊಳ್ಳಿ.

ಹೊಂದಿಸುವ ರಾತ್ರಿ

ಇದನ್ನು ಹಗಲಲ್ಲಿ ಮಾಡಲು ಹೋಗಬೇಡಿ. ಕತ್ತಲಾದ ಮೇಲೆ, ಆದರೆ ಹುಣ್ಣಿಮೆ ಇಲ್ಲದ ದಿನ, ಇನ್ನೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಮೊದಲು ಡೇ-ನೈಟ್ ಸೆಟ್ಟಿಂಗನ್ನು ಆಟೋದಿಂದ ಕಲರ್‌ಗೆ ಬದಲಿಸಿ. ಶಟರ್ ಮಿತಿ 1/25 ಅಥವಾ 1/30. ಡಬ್ಲ್ಯುಡಿಆರ್ (ಕತ್ತಲೆ, ಬೆಳಕು ಎರಡನ್ನೂ ಒಂದೇ ಚಿತ್ರದಲ್ಲಿ ತೋರಿಸುವ ಆಯ್ಕೆ) ಆನ್ ಇದ್ದರೆ ರಾತ್ರಿಗೆ ಆಫ್ ಮಾಡಿ, ಯಾಕೆಂದರೆ ಬೇರೆಬೇರೆ ಎಕ್ಸ್‌ಪೋಶರ್‌ಗಳನ್ನು ಜೋಡಿಸುವ ಆ ವಿಧಾನದಲ್ಲಿ ಬೆಳಕು ಕಡಿಮೆ ಇದ್ದಾಗ ನಾಯ್ಸ್ ಏರುತ್ತದೆ. ಚೌಕಟ್ಟಿನೊಳಗೇ ಉರಿಯುವ ದೀಪ ಇದ್ದರೆ ಮಾತ್ರ ಕಡಿಮೆ ಮಟ್ಟದಲ್ಲಿ ಇಟ್ಟುಕೊಳ್ಳಬಹುದು. ನಾಯ್ಸ್ ರಿಡಕ್ಷನ್ ನಡುವಿನಲ್ಲಿ ಇರಲಿ.

ಈಗ ಜೊತೆಗಿರುವವರಿಗೆ ಕೆಂಪೋ ನೀಲಿಯೋ ಎದ್ದು ಕಾಣುವ ಅಂಗಿ ಹಾಕಿಸಿ, ದಾರಿಯಲ್ಲಿ ಮಾಮೂಲಿ ವೇಗದಲ್ಲಿ ನಡೆಸಿ. ಒಮ್ಮೆ ಕ್ಯಾಮೆರಾ ಕಡೆಗೆ, ಒಮ್ಮೆ ಅಡ್ಡಡ್ಡ, ಒಮ್ಮೆ ಸರಸರನೆ. ಲೈವ್ ನೋಡಿ ತೀರ್ಮಾನಿಸಬೇಡಿ, ಓಡುವ ವಿಡಿಯೋದಲ್ಲಿ ಕಣ್ಣು ಎಲ್ಲವನ್ನೂ ಕೂಡಿಸಿಕೊಂಡು ಸರಿಮಾಡಿಬಿಡುತ್ತದೆ. ರೆಕಾರ್ಡಿಂಗ್ ತೆರೆದು, ನಿಲ್ಲಿಸಿ, ಒಂದೊಂದೇ ಫ್ರೇಮ್ ಸರಿಸಿ. ಒಂದಾದರೂ ಫ್ರೇಮ್‌ನಲ್ಲಿ ಕಣ್ಣು, ಮೂಗು ಬೇರೆಬೇರೆಯಾಗಿ ಕಂಡು, ಅಂಗಿಯ ಬಣ್ಣ ಸರಿಯಾಗಿದ್ದರೆ ಆ ದೂರಕ್ಕೆ ಕೆಲಸ ಮುಗಿಯಿತು. ಮುಖದ ಜಾಗದಲ್ಲಿ ಗೆರೆ ಎಳೆದಂತಿದ್ದರೆ ಶಟರ್ ಇನ್ನೂ ವೇಗ ಬೇಕು, ಹಿಂದೆ ಬಾಲ ಇದ್ದರೆ ನಾಯ್ಸ್ ರಿಡಕ್ಷನ್ ಇಳಿಸಬೇಕು. ಬರೀ ಕಪ್ಪಾಗಿದ್ದರೆ ಬೆಳಕು ಹಾಕಬೇಕು. ಇಲ್ಲಿ ಶಟರ್ ನಿಧಾನ ಮಾಡುವ ಆಸೆಗೆ ಬೀಳಬೇಡಿ.

ಕ್ಯಾಮೆರಾದ ಪಕ್ಕದಲ್ಲೇ ಬಿಳಿ ಗೋಡೆ, ಸೂರಿನ ಅಂಚು, ಕಂಬ ಇದ್ದರೆ ದೀಪದ ಬೆಳಕು ಅದಕ್ಕೆ ಬಡಿದು, ಇಡೀ ಚಿತ್ರ ತುಂಬ ಬೆಳಕಿದೆ ಎಂದು ಕ್ಯಾಮೆರಾ ತಿಳಿದು ಉಳಿದದ್ದನ್ನೆಲ್ಲ ಕಪ್ಪು ಮಾಡುತ್ತದೆ. ಒಂದು ಗೇಣು ಸರಿಸಿದರೂ ಸಾಕಾಗುತ್ತದೆ. ಡೋಮ್ ಕ್ಯಾಮೆರಾದಲ್ಲಿ ಗಾಜಿನ ಮೇಲಿನ ಧೂಳು, ಬೆರಳಿನ ಗುರುತು ಇದೇ ಕಾಟ ಕೊಡುತ್ತವೆ, ಮೆತ್ತನೆಯ ಬಟ್ಟೆಯಲ್ಲಿ ಒರೆಸಿ.

ಕ್ಯಾಮೆರಾ ಹಗಲೆಲ್ಲ ಚೆನ್ನಾಗಿದ್ದು ಸಂಜೆಯಾದ ಮೇಲೆ ಪದೇ ಪದೇ ರೀಸ್ಟಾರ್ಟ್ ಆಗುತ್ತಿದೆಯೇ? ಕ್ಯಾಮೆರಾ ಕೆಟ್ಟಿದೆ ಎಂದು ಬಿಚ್ಚುವ ಮುಂಚೆ ಕರೆಂಟ್ ನೋಡಿ. ಬಿಳಿ ಎಲ್‌ಇಡಿ ಹೊತ್ತಿದಾಗ ಬಳಕೆ ಏರುತ್ತದೆ, ಉದ್ದನೆಯ ತೆಳು ವೈರಿನ ತುದಿಯಲ್ಲಿ 12 ವೋಲ್ಟ್ ಇಳಿದುಬಿಡುತ್ತದೆ, ಕ್ಯಾಮೆರಾ ಆರಿ ಮತ್ತೆ ಹೊತ್ತುತ್ತದೆ. ದಪ್ಪ ವೈರ್ ಹಾಕಿದರೆ ಸರಿಹೋಗುತ್ತದೆ, ಅಡಾಪ್ಟರೇ ಸಾಲದಿದ್ದರೆ ಹೆಚ್ಚು ಆಂಪಿಯರ್‌ನದು ಹಾಕಿ. ಪಿಒಇ (ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟ್ ಕೊಡುವ ಪದ್ಧತಿ) ಆದರೆ ಮಾಮೂಲಿ 802.3ಎಎಫ್ ಪೋರ್ಟ್ 15.4 ವ್ಯಾಟ್ ಕಳಿಸುತ್ತದೆ, ಕೇಬಲ್‌ನಲ್ಲಿ ಸೋರಿ ಕ್ಯಾಮೆರಾಗೆ ಖಾತ್ರಿ ಇರುವುದು 12.95. ನೆಟ್‌ವರ್ಕ್ ಸ್ವಿಚ್‌ನ ಒಟ್ಟು ವ್ಯಾಟ್ ಎಷ್ಟು ಎಂಬುದನ್ನೂ ನೋಡಿ, ಎಲ್ಲ ಕ್ಯಾಮೆರಾಗಳ ದೀಪವೂ ಒಟ್ಟಿಗೇ ಹತ್ತುವುದು ಸಂಜೆಯೇ.

ಬಣ್ಣ ಬೇಡದ ಜಾಗಗಳೂ ಇವೆ. ವಾಹನದ ನಂಬರ್ ಪ್ಲೇಟ್ ಓದಬೇಕು ಅನ್ನುವ ಕಡೆ ಈ ಸೆಟ್ಟಿಂಗ್ ನಡೆಯುವುದಿಲ್ಲ. 36 ಕಿಲೋಮೀಟರ್ ವೇಗದ ಗಾಡಿ 1/25 ಸೆಕೆಂಡ್‌ನಲ್ಲಿ 40 ಸೆಂಟಿಮೀಟರ್ ಹೋಗಿರುತ್ತದೆ, ಹೆಡ್‌ಲೈಟ್ ಬೇರೆ ಕಣ್ಣು ಕುಕ್ಕುತ್ತದೆ. ಅಲ್ಲಿಗೆ ಇನ್ನೊಂದು ಕ್ಯಾಮೆರಾ ಇರಲಿ, ಉದ್ದನೆಯ ಲೆನ್ಸ್, ಐಆರ್, ಕಪ್ಪು-ಬಿಳುಪು, ಶಟರ್ 1/500 ಅಥವಾ 1/1000. ಪ್ಲೇಟ್‌ನ ಹೊಳೆಯುವ ಲೇಪನ ಐಆರ್ ಅನ್ನು ನೇರ ವಾಪಸ್ ಕಳಿಸುವುದರಿಂದ ಸುತ್ತಲೂ ಕಡುಗಪ್ಪು, ನಡುವೆ ಹೊಳೆಯುವ ಪ್ಲೇಟ್, ಅದರ ಮೇಲೆ ಅಕ್ಷರಗಳು ಚೊಕ್ಕವಾಗಿ ಕಾಣುತ್ತವೆ. ಗಾಡಿ ಯಾವ ಬಣ್ಣದ್ದು, ಇಳಿದವನು ಏನು ಹಾಕಿದ್ದ ಅನ್ನುವುದನ್ನು ಪಕ್ಕದ ಕಲರ್ ಕ್ಯಾಮೆರಾ ಹೇಳುತ್ತದೆ. ಎರಡರ ಗಡಿಯಾರವೂ ಒಂದೇ ಸಮಯ ತೋರಿಸುವಂತೆ ಎನ್‌ಟಿಪಿ (ನೆಟ್‌ವರ್ಕ್ ಮೂಲಕ ಗಡಿಯಾರ ಸರಿಪಡಿಸುವ ಆಯ್ಕೆ) ಆನ್ ಮಾಡಿಡಿ, ಆಗ ಎರಡು ರೆಕಾರ್ಡಿಂಗ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಲು ಬರುತ್ತದೆ.